ಜ್ವರಕ್ಕೊಂದು ಚೀಟಿ

ಅವತ್ತು ನನಗೆ ಮೈಕೈ ಸುಡುವಷ್ಟು ಜ್ವರ. ಡಾಕ್ಟರ ಬಳಿ ಓಡಬೇಕಾದ ಜ್ವರವೇನಲ್ಲ. ಎರಡು ದಿನ ಗಂಜಿ ಕುಡಿದು ಹೊದ್ದು ಮಲಗಿದರೆ ಇಳಿಯುವಂಥದು. ಆದರೂ ತಾವರೆಕೆರೆಯ ನಮ್ಮ ಮನೆಯಿಂದ ಹೊರಟು, ಬಸ್ಸಿನಲ್ಲಿ ನಿಂತುಕೊಂಡೇ ಶಿರಾಕ್ಕೆ ಹೋದೆ. ಔಷಧಿಗಲ್ಲ, ಚೀಟಿಗೆ! ನಾನಾಗ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಒಂದೇ ದಿನದ ಕಾಯಿಲೆಗೂ ಅಲ್ಲಿ ಡಾಕ್ಟರ ಸರ್ಟಿಫಿಕೇಟು ತರಬೇಕು. ಇಲ್ಲವಾದರೆ ಸಂಬಳ ಕಟ್.

ಒಂದೂವರೆ ಗಂಟೆ ಬೆಂಚಿನ ಮೇಲೆ ಮುದುಡಿ ಕೂತ ಮೇಲೆ ನನ್ನ ಸರದಿ ಬಂತು. "ಎಷ್ಟು ದಿನಕ್ಕೆ ಬರೀಲಮ್ಮಾ?" ಎಂದರು ಡಾಕ್ಟರು, ಕೈ ಹಿಡಿದು ನೋಡುವ ಮೊದಲೇ. ಅವರದೇನೂ ತಪ್ಪಿಲ್ಲ. ಹೊರಗೆ ಜನ ಸಾಲುಗಟ್ಟಿದ್ದರು. ನನ್ನ ನಿನ್ನೆ ರಾತ್ರಿಯ ಚಳಿ, ವಾಂತಿ ಅವರಿಗೆ ಹೇಗೆ ಕಾಣಬೇಕು? ನಾನು ಹೇಳಿದ್ದನ್ನೇ ಬರೆದು ಸೀಲು ಒತ್ತಿದರು. ನನ್ನ ಬಾಯಿಂದ ಬಂದಾಗ ನಂಬಿಕೆಗೆ ಬಾರದ ಮಾತು, ಸೀಲು ಬಿದ್ದ ಕೂಡಲೇ ಹೆಡ್‌ಮಾಸ್ಟರಿಗೆ ಸತ್ಯವಾಯಿತು. ಫೀಸು, ಬಸ್ ಚಾರ್ಜು ಮಾತ್ರ ನನ್ನದು.

"ಕೇಳದೆ ಬಿಟ್ಟರೆ ಎಲ್ಲರೂ ಸುಳ್ಳು ಹೇಳಿ ರಜೆ ಹಾಕುತ್ತಾರೆ" ಎನ್ನುತ್ತಾರೆ. ಸುಳ್ಳು ಹೇಳುವವರಿಗೆ ಚೀಟಿ ಸಿಗುವುದಿಲ್ಲವೆ? ನೆಂಟರ ಮದುವೆ ಮುಗಿಸಿ ಬಂದು ಟೈಫಾಯಿಡ್ ಸರ್ಟಿಫಿಕೇಟು ಒಪ್ಪಿಸಿದವರನ್ನು ಕಣ್ಣಾರೆ ಕಂಡಿದ್ದೇನೆ. ಸಿಕ್ಕಿಬೀಳುವುದು ಸುಳ್ಳುಗಾರರಲ್ಲ, ಕೈಯಲ್ಲಿ ಕಾಸಿಲ್ಲದವರು. ನನ್ನ ಜೊತೆಗಿದ್ದ ಕಿರಿಯ ಟೀಚರೊಬ್ಬಳು ಡಾಕ್ಟರ ಫೀಸಿಗೆ ಹೆದರಿ ಜ್ವರದಲ್ಲೇ ಪಾಠಕ್ಕೆ ಬಂದಳು. ಮಧ್ಯಾಹ್ನ ಬೋರ್ಡಿನ ಮುಂದೆಯೇ ಕುಸಿದಳು. ಮುಂದಿನ ವಾರ ಅವಳ ತರಗತಿಯ ಅರ್ಧ ಮಕ್ಕಳಿಗೆ ಕೆಮ್ಮು, ನೆಗಡಿ. ಈ ನಿಯಮದಿಂದ ಯಾರಿಗೆ ಲಾಭವಾಯಿತು, ಹೇಳಿ!

ಇದು ಒಂದು ಶಾಲೆಯ ಮಾತಷ್ಟೇ ಅಲ್ಲ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯೂ ಸರ್ಟಿಫಿಕೇಟು ಕೇಳುತ್ತಿತ್ತು. ಅದನ್ನು ಕೊಟ್ಟರೂ ಹೊಸ ಕಾಯಿಲೆಯ ಮೊದಲ 2 ದಿನಕ್ಕೆ ಭತ್ಯೆ ಇರಲಿಲ್ಲ. ಬ್ರಿಟನ್ನಿನಲ್ಲಿ ನೋಡಿ, 7 ದಿನದವರೆಗಿನ ಕಾಯಿಲೆಗೆ ಕೆಲಸಗಾರರ ಸ್ವಂತ ಹೇಳಿಕೆಯೇ ಸಾಕು. ಅಷ್ಟು ದೂರವೇಕೆ? 2025ರಲ್ಲಿ ನಮ್ಮ ರಾಜ್ಯ ಸರ್ಕಾರ ದುಡಿಯುವ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ಅದಕ್ಕೆ ವೈದ್ಯರ ಸರ್ಟಿಫಿಕೇಟು ಬೇಡವೆಂದೂ ಹೇಳಿತು. ನಾಲ್ಕು ಜನರೆದುರು ಹೇಳಿಕೊಳ್ಳಲು ನಾವು ನಾಚುವ ಆ ನೋವಿಗೇ ನಮ್ಮ ಮಾತು ಸಾಕ್ಷಿಯಾಗುವುದಾದರೆ ಜ್ವರಕ್ಕೆ, ವಾಂತಿಗೆ, ತಲೆಸುತ್ತಿಗೆ ಏಕಾಗಬಾರದು?

ಬೇಕಾಬಿಟ್ಟಿ ರಜೆ ಕೊಡಿ ಎಂದು ನಾನು ಕೇಳುತ್ತಿಲ್ಲ. 3 ದಿನದವರೆಗೆ ನಮ್ಮ ಮಾತು ನಂಬಿ. ಅದು ಮೀರಿದರೆ, ಪದೇ ಪದೇ ಆದರೆ, ಧಾರಾಳವಾಗಿ ಚೀಟಿ ಕೇಳಿ. ಆ ಹೊತ್ತಿಗೆ ನಾವೇ ಡಾಕ್ಟರ ಮುಂದೆ ಕೂತಿರುತ್ತೇವೆ, ಚೀಟಿಗಲ್ಲ, ಔಷಧಿಗೆ.

ನಲವತ್ತು ಮಕ್ಕಳನ್ನು ನಂಬಿ ನನ್ನ ಕೈಗೆ ಒಪ್ಪಿಸಿದ್ದರು. ಅವರ ಹಾಜರಿ, ಅವರ ಅಂಕ, ಎಲ್ಲಕ್ಕೂ ನನ್ನ ಒಂದು ಸಹಿ ಸಾಕಿತ್ತು. ನನ್ನ ಮೈ ಬಿಸಿಗೆ ಮಾತ್ರ ಸಾಲಲಿಲ್ಲ.