ಎಂ.ಟೆಕ್. ಸೇರುವ ಮುನ್ನ ಓದಿನ ಪಟ್ಟಿ ನೀವೇ ಬರೆಯಿರಿ

ಪಣಕಹಳ್ಳಿ ಹಾಗೂ ತಾಳವಾಡಿ ಬೆಟ್ಟದ ಎಲ್ಲ ಊರುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ, ಅವರ ಹೆತ್ತವರಲ್ಲಿ ಒಂದು ಮನವಿ



ನಮ್ಮ ಮಕ್ಕಳು ಎಂಜಿನಿಯರಿಂಗ್ ಓದುವುದು ಈಗ ಹೊಸ ಸಂಗತಿಯಲ್ಲ. ದಿಂಬಂ ಘಟ್ಟದ 27 ತಿರುವು ಇಳಿದು ಸತ್ಯಮಂಗಲ, ಪೆರುಂದುರೈ, ಕೊಯಮತ್ತೂರಿಗೆ ಹೋಗುತ್ತಾರೆ. ಗಡಿ ದಾಟಿ ಚಾಮರಾಜನಗರ, ಮೈಸೂರಿಗೂ ಹೋಗುತ್ತಾರೆ. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ತಮಿಳುನಾಡು ಸರ್ಕಾರ 2021ರಲ್ಲಿ ಎಂಜಿನಿಯರಿಂಗ್ ಸೀಟುಗಳಲ್ಲೂ ಶೇ. 7.5 ಮೀಸಲಿಟ್ಟ ಮೇಲೆ ದಾರಿ ಇನ್ನಷ್ಟು ಸಲೀಸಾಗಿದೆ.

ತೊಡಕು ಇರುವುದು ಬಿ.ಇ. ಮುಗಿದ ಮೇಲೆ. ಎಂ.ಟೆಕ್. ಮಾಡುತ್ತೇನೆ ಎನ್ನುವವರನ್ನು "ಯಾವುದರಲ್ಲಿ? ಏತಕ್ಕೆ?" ಎಂದು ಕೇಳಿ ನೋಡಿ. ಸೀಟು ಸಿಕ್ಕಿದ್ದರಲ್ಲಿ, ಗೆಳೆಯ ಸೇರಿದ್ದರಲ್ಲಿ ಎಂಬ ಉತ್ತರವೇ ಹೆಚ್ಚು. ಹೀಗೆ ಸೇರಿದರೆ ಬಿ.ಇ.ಯಲ್ಲಿ ಓದಿದ್ದನ್ನೇ ಇನ್ನೆರಡು ವರ್ಷ ಓದಿದಂತಾಗುತ್ತದೆ.

ಎಂ.ಟೆಕ್. ಪಠ್ಯವನ್ನೆಲ್ಲ ಕಾಲೇಜೇ ಗೊತ್ತುಮಾಡುವುದಿಲ್ಲ. ಕಡ್ಡಾಯ ವಿಷಯಗಳು ಕೆಲವೇ. ಐಚ್ಛಿಕ ವಿಷಯ, ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಮುಕ್ತ ವಿಷಯ, ಕೊನೆಯ ವರ್ಷದ ಪ್ರಬಂಧ ಇವೆಲ್ಲ ಸೇರಿದರೆ ದೊಡ್ಡ ಪಾಲು ವಿದ್ಯಾರ್ಥಿಯ ಆಯ್ಕೆಗೇ ಬಿಟ್ಟದ್ದು. ಆ ಆಯ್ಕೆಯನ್ನು ಸೇರಿದ ಮೊದಲ ವಾರದ ಗಡಿಬಿಡಿಯಲ್ಲಿ ಮಾಡಬೇಡಿ. ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ. ಪ್ರಶ್ನೆಗಳಿಗೆ ನಮ್ಮ ಬೆಟ್ಟದಲ್ಲಿ ಬರವಿಲ್ಲ.

ಜೋಳ, ಕಬ್ಬು, ಬಾಳೆಗೆ ಆನೆ ನುಗ್ಗುತ್ತದೆ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಓದಿದವರು ಇದನ್ನು ಪ್ರಶ್ನೆಯಾಗಿ ಹಿಡಿಯಬಹುದು. ಸಿಗ್ನಲ್ ಸಂಸ್ಕರಣೆ, ಕಂಪ್ಯೂಟರ್ ದೃಷ್ಟಿ, ಕಡಿಮೆ ವಿದ್ಯುತ್ತಿನ ಸೆನ್ಸರ್ ಜಾಲ, ಜೊತೆಗೆ ಮುಕ್ತ ವಿಷಯವಾಗಿ ಪರಿಸರ ವಿಜ್ಞಾನ ಇದ್ದರೆ ಪಟ್ಟಿ ಸಿದ್ಧ. ಕೊಯಮತ್ತೂರಿನ ಮದುಕ್ಕರೈಯಲ್ಲಿ ರೈಲು ಹಳಿಗೆ ಬರುವ ಆನೆಗಳನ್ನು ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆಯಿಂದ ಪತ್ತೆಹಚ್ಚುವ ವ್ಯವಸ್ಥೆಯನ್ನು ಅರಣ್ಯ ಇಲಾಖೆ 2024ರಲ್ಲಿ ಆರಂಭಿಸಿದೆ. ಹೊಲದ ಅಂಚಿಗೆ, ರೈತನ ಕೈಗೆಟಕುವ ಬೆಲೆಗೆ ಅದನ್ನು ತರುವುದು ಒಳ್ಳೆಯ ಪ್ರಬಂಧದ ವಿಷಯವೇ.

ಸಿವಿಲ್ ಓದಿದವರಿಗೆ ಬೋರ್‌ವೆಲ್ ಇದೆ. ಅಂತರ್ಜಲ ಶಾಸ್ತ್ರ, ದೂರಸಂವೇದಿ, ಸಂಖ್ಯಾಶಾಸ್ತ್ರ ಓದಿ. ಗಡಿಯಾಚೆ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರಾನ್ಸಿನ ವಿಜ್ಞಾನಿಗಳ ಜೊತೆ ಕೊಳವೆಬಾವಿಯ ನೀರು, ಬೆಳೆ, ಮಣ್ಣನ್ನು ವರ್ಷಗಳಿಂದ ಅಳೆಯುತ್ತಿದ್ದಾರೆ. ಮೆಕ್ಯಾನಿಕಲ್‌ನವರು ಕೋಸು, ಈರುಳ್ಳಿ ಕೆಡದಂತಿಡುವ ಸೌರಶಕ್ತಿಯ ಶೀತಲಗೃಹವನ್ನು ಯೋಚಿಸಲಿ.

"ಊರಿನ ತಾಪತ್ರಯ ಓದಿದರೆ ಕೆಲಸ ಕೊಡುವವರು ಯಾರು?" ಎಂದು ಹೆತ್ತವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಪಟ್ಟಿಯಲ್ಲಿರುವ ವಿಷಯಗಳನ್ನು ಮತ್ತೆ ನೋಡಿ: ಬೆಂಗಳೂರಿನ ಕಂಪನಿಗಳು ಕೇಳುವುದೂ ಇವನ್ನೇ. ಓದಿ ಊರಿಗೇ ಮರಳಬೇಕೆಂದು ನಾವು ಹೇಳುತ್ತಿಲ್ಲ. ನಿಜವಾದ ಸಮಸ್ಯೆಯೊಂದನ್ನು ಬಿಡಿಸಿದವರು ಸಂದರ್ಶನದಲ್ಲಿ ತಡವರಿಸುವುದಿಲ್ಲ ಎನ್ನುತ್ತಿದ್ದೇವೆ. ಹಳ್ಳಿಯ ಕೆಲಸ ದೊಡ್ಡ ವಿದ್ಯೆಗೆ ಕಡಿಮೆಯಲ್ಲ ಎಂಬುದಕ್ಕೂ ಸಾಕ್ಷಿಯಿದೆ. ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರ ಹೊಗೆ ಕಡಿಮೆ ಮಾಡುವ ಒಲೆಯನ್ನೇ ಸಂಶೋಧನೆಗೆ ಎತ್ತಿಕೊಂಡಿತು. ಆ 'ಅಸ್ತ್ರ ಒಲೆ' ಕರ್ನಾಟಕದ ಹಳ್ಳಿ ಹಳ್ಳಿಗೆ ಹೋಯಿತು.

ಆದ್ದರಿಂದ ಹೀಗೆ ಮಾಡಿ:

1. ಬಿ.ಇ. ಮೂರನೇ ವರ್ಷದಲ್ಲೇ ಗೇಟ್ ಪರೀಕ್ಷೆಗೆ ಕೂರಬಹುದು. ಅದರ ಅಂಕ ಮೂರು ವರ್ಷ ಊರ್ಜಿತ. ಮಾನ್ಯತೆ ಪಡೆದ ಕಾಲೇಜಿನಲ್ಲಿ ಗೇಟ್ ಮೂಲಕ ಪೂರ್ಣಾವಧಿ ಸೇರಿದವರಿಗೆ ತಿಂಗಳಿಗೆ ₹12,400 ವಿದ್ಯಾರ್ಥಿವೇತನವಿದೆ. ತಮಿಳುನಾಡಿನ ಸೀಟಾ, ಕರ್ನಾಟಕದ ಪಿಜಿಸಿಇಟಿ ಪರೀಕ್ಷೆಗಳ ಮೂಲಕವೂ ಸೀಟು ಸಿಗುತ್ತದೆ. ಆದರೆ ಈ ವೇತನಕ್ಕೆ ಗೇಟ್ ಬೇಕೇ ಬೇಕು.

2. ಕಾಲೇಜಿನ ಹೆಸರಿಗಿಂತ ಮೊದಲು ಅಲ್ಲಿನ ಐಚ್ಛಿಕ ವಿಷಯಗಳ ಪಟ್ಟಿ ನೋಡಿ. ನಿಮ್ಮ ಪ್ರಶ್ನೆಯ ಮೇಲೆ ಕೆಲಸ ಮಾಡುವ ಅಧ್ಯಾಪಕರು ಇದ್ದಾರೆಯೇ ತಿಳಿದುಕೊಳ್ಳಿ. ಅವರಿಗೆ ಪತ್ರ ಬರೆಯಲು ಅಂಜಬೇಡಿ.

3. ಪಾಠವೇ ಹೆಚ್ಚಿರುವ ಎಂ.ಟೆಕ್. ಬೇಕೋ, ಸಂಶೋಧನೆಯೇ ಮುಖ್ಯವಾದ ಎಂ.ಎಸ್. ಬೇಕೋ ಮೊದಲೇ ತೀರ್ಮಾನಿಸಿ. ಮುಂದೆ ಪಿಎಚ್.ಡಿ. ಆಸೆಯಿದ್ದರೆ ಎರಡನೆಯದನ್ನು ಯೋಚಿಸಿ.

4. ನಿಮ್ಮ ಕಾಲೇಜಿನಲ್ಲಿಲ್ಲದ ವಿಷಯವನ್ನು ಸ್ವಯಂ, ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳಲ್ಲಿ ಓದಿ. ಒಂದು ಸೆಮಿಸ್ಟರಿನ ಶೇ. 40ರಷ್ಟು ವಿಷಯಗಳನ್ನು ಸ್ವಯಂನಿಂದ ತೆಗೆದುಕೊಳ್ಳಲು ಯುಜಿಸಿಯ 2021ರ ನಿಯಮ ಅವಕಾಶ ಕೊಟ್ಟಿದೆ. ವಿಶ್ವವಿದ್ಯಾಲಯದ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ.

5. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಮೇಲೆ ಪ್ರಶ್ನೆ, ಕೆಳಗೆ ನಾಲ್ಕು ಸೆಮಿಸ್ಟರ್, ಪ್ರತಿ ವಿಷಯದ ಮುಂದೆ ಅದು ಏಕೆ ಬೇಕೆಂಬ ಒಂದು ಸಾಲು. ಆ ಸಾಲು ಬರೆಯಲಾಗದ ವಿಷಯವನ್ನು ಹೊಡೆದುಹಾಕಿ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರಿ ಸುಲಭದ ವಿಷಯ ಹಿಡಿಯುವುದುಂಟು. ಬೇಡ. ಪಟ್ಟಿಯನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ತಲೆಯಲ್ಲಿ ಸ್ಪಷ್ಟವಾದದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿಯಬಹುದು.

ಹೆತ್ತವರೇ, ಸಾಲ ಮಾಡುವ ಮೊದಲು ಆ ಹಾಳೆ ತೋರಿಸು ಎನ್ನಿ. ಈಗಾಗಲೇ ಓದಿ ಹೊರಗಿರುವ ನಮ್ಮೂರಿನವರೇ, ರಜೆಗೆ ಬಂದಾಗ ಒಂದು ಸಂಜೆ ಕೂತು ಕಿರಿಯರ ಪಟ್ಟಿ ತಿದ್ದಿಕೊಡಿ.

ಓದಿದ ಮೇಲೆ ಈ ಕರಪತ್ರವನ್ನು ಬಿ.ಇ. ಓದುತ್ತಿರುವ ಇನ್ನೊಬ್ಬರ ಕೈಗೆ ಕೊಡಿ.