ಹೌದು, ಗೃಹಲಕ್ಷ್ಮಿ ಕಾಸಲ್ಲೇ ತಂದೆ

ಹೋದ ಭಾನುವಾರ ಕೋಲಾರದಾಗೆ ನಮ್ಮ ದೊಡ್ಡಮ್ಮನ ಮಗನ ಗೃಹಪ್ರವೇಶಕ್ಕೆ ನೀವೆಲ್ಲ ಬಂದಿದ್ರಿ. ಎರಡನೇ ಪಂಕ್ತಿಯಾಗೆ ಒಬ್ಬಟ್ಟು ಬಡಿಸೋ ಹೊತ್ತಲ್ಲಿ ಒಬ್ರು (ಹೆಸ್ರು ಹೇಳಲ್ಲ, ಇದನ್ನೂ ಓದ್ತಾರೆ) "ಇವ್ಳು ಗೃಹಲಕ್ಷ್ಮಿ ಕಾಸಲ್ಲಿ ಮಗ್ಳಿಗೆ ಗೇಮ್ ಆಡೋ ಕಾರ್ಡು ತಂದವ್ಳಂತೆ ಕಣ್ರೇ" ಅಂದ್ರು. ಪಂಕ್ತಿಗೆ ಪಂಕ್ತಿನೇ ನಕ್ತು. ಎಲೆ ಮುಂದೆ ಕೂತು ಜಗಳ ಯಾಕೆ ಅಂತ ನಾನೂ ನಕ್ಕು ಎದ್ದೆ. ವಾಪಸ್ ಶ್ರೀನಿವಾಸಪುರದ ಬಸ್ಸಲ್ಲಿ ಮಗಳು ಕಿಟಕಿ ಕಡೆ ಮುಖ ತಿರುಗಿಸ್ಕೊಂಡು, "ಅದನ್ನ ಬಿಚ್ಚಿ ಮಾರ್ಬಿಡೋಣ ಬಿಡಮ್ಮ" ಅಂದ್ಲು. ನಿಮ್ಮ ನಗೂನ ನಾನು ನುಂಗ್ಕೊಂಡೆ. ಅವಳ ಈ ಮಾತು ನುಂಗೋಕಾಗ್ಲಿಲ್ಲ. ಅದಕ್ಕೇ ಬರೀತಾ ಇದೀನಿ.

ಹೌದು, ತಂದೆ. ನಾಲ್ಕು ಕಂತು ಮುಟ್ಟದಂಗೆ ಕೂಡಿಟ್ಟು, 8,000 ಆದಮೇಲೆ ತಂದೆ. ತಪ್ಪು ಮಾಡಿದೀನಿ ಅಂತ ನಂಗೆ ಅನ್ನಿಸಿಲ್ಲ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ, ಆಮೇಲೆ ಬೈಯೋದಿದ್ರೆ ಬೈರಿ.

ಮೊದ್ಲು ಆ ಕಾರ್ಡು ಅಂದ್ರೇನು ಅಂತ. ನಮ್ಮನೆ ಕಂಪ್ಯೂಟರ್ ನಿಮಗೆಲ್ಲ ಗೊತ್ತು. 2021ರಲ್ಲಿ ಆನ್‌ಲೈನ್ ಕ್ಲಾಸು ಅಂತ ಮಾಲೂರಿನ ತಂಗಿ ಗಂಡ 11,000ಕ್ಕೆ ಕೊಡಿಸಿದ್ದು. ಬೆಂಗ್ಳೂರಲ್ಲಿ ಯಾವ್ದೋ ಆಫೀಸ್ನೋರು ಬಳಸಿ ಬಿಟ್ಟಿದ್ದ ಮಶೀನು. ಒಳಗಿರೋ ಪ್ರೊಸೆಸರ್ ಐ5, ನಾಲ್ಕನೇ ಜನರೇಷನ್, 2013ರ ಮಾಲು. ಲೆಕ್ಕ ಬರೆಯೋಕೆ, ಪಾಠ ಕೇಳೋಕೆ, ವಿಡಿಯೋ ನೋಡೋಕೆ ಇವತ್ತಿಗೂ ಏನೂ ತೊಂದ್ರೆ ಇಲ್ಲ. ಆದ್ರೆ ಗೇಮು ಹಾಕಿದ್ರೆ ತೆವಳ್ತಿತ್ತು. ಸಿನಿಮಾದಾಗೆ ಸೆಕೆಂಡಿಗೆ 24 ಚಿತ್ರ ಓಡ್ತಾವೆ. ನಮ್ಮ ಮಶೀನಲ್ಲಿ ಹದಿನೈದೋ ಹದಿನೆಂಟೋ. ಅದೂ ನಿಂತು ನಿಂತು.

ಕಾರಣ ಅದೇ ಗೃಹಪ್ರವೇಶದ ಅಡುಗೆಮನೆಯಾಗೆ ಇತ್ತು. ಅಡುಗೆ ಭಟ್ರು ನಾಲ್ಕು ಜನ ಇದ್ರು. ಅನ್ನ, ಸಾರು, ಪಲ್ಯ ಅವ್ರೇ ನೋಡ್ಕೊಂಡ್ರು. ಆದ್ರೆ ಆರುನೂರು ಒಬ್ಬಟ್ಟು ತಟ್ಟೋಕೆ ನಾಲ್ಕು ಜನ ಸಾಕಾಗ್ತಾರಾ? ನಾವು ಹೆಂಗಸ್ರು ಹತ್ತು ಹನ್ನೆರಡು ಜನ ಬಾಳೆಲೆ ಮುಂದಿಟ್ಕೊಂಡು ಕೂತ್ವಿ. ಕೆಲ್ಸ ಸಣ್ಣದು, ಆದ್ರೆ ಒಟ್ಟಿಗೆ ಆಗ್ಬೇಕು. ಪ್ರೊಸೆಸರ್ ಅಂದ್ರೆ ಆ ನಾಲ್ಕು ಭಟ್ರು. ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಒಬ್ಬಟ್ಟು ತಟ್ಟೋ ಸಾಲು. ನಾವು ತಂದಿರೋ ಜಿಟಿಎಕ್ಸ್ 1650 ಕಾರ್ಡಲ್ಲಿ ಅಂಥಾ ಸಣ್ಣ ಕೆಲಸಗಾರ್ರು 896. ಅಷ್ಟೇ ಕಣ್ರಮ್ಮ, ಮಾಟ ಮಂತ್ರ ಏನಿಲ್ಲ.

"ಹಳೇದಕ್ಕೆ ಯಾಕೆ ಸುರಿದೆ, ಹೊಸದೇ ತಗೋಬೇಕಿತ್ತು" ಅಂದ್ರಲ್ಲ ಅಕ್ಕಯ್ಯ, ಅದಕ್ಕೆ ಬರ್ತೀನಿ. ಅಂಗಡಿಯೋನೂ ಅದನ್ನೇ ಅಂದ. "ಬೋರ್ಡು ಹಳೇದು ಮೇಡಂ, ಏನ್ ಹಾಕಿದ್ರೂ ವೇಸ್ಟು, 60,000ಕ್ಕೆ ಹೊಸ ಸೆಟ್ಟು ಮಾಡಿಕೊಡ್ತೀನಿ" ಅಂದ. ನಮ್ಮ ತೋಟದ ಬೋರ್‌ವೆಲ್ಲು ಸಾವಿರದ ಇನ್ನೂರು ಅಡಿ. ಮೋಟ್ರು ಸುಟ್ಟೋದ್ರೆ ಹೊಸ ಬೋರು ಕೊರೆಸ್ತೀವಾ? ಪೈಪು ಎತ್ತಿಸಿ, ವೈಂಡಿಂಗ್ ಮಾಡಿಸಿ, ತಿರುಗಿ ಬಿಡ್ತೀವಿ. ಮಿಕ್ಸಿ ಜಾರಿನ ಬ್ಲೇಡು ಮೊಂಡಾದ್ರೆ ಮಿಕ್ಸಿ ಬಿಸಾಕ್ತೀವಾ? ಕುಕ್ಕರ್ ಗ್ಯಾಸ್ಕೆಟ್ ಹೋದ್ರೆ ಕುಕ್ಕರ್ ತಗೋತೀವಾ? ಇಷ್ಟೆಲ್ಲ ಗೊತ್ತಿರೋ ನಾವು ಕಂಪ್ಯೂಟರ್ ಅಂದ ತಕ್ಷಣ ಗಂಡಸ್ರ ಮುಖ, ಅಂಗಡಿಯೋರ ಮುಖ ನೋಡ್ತೀವಿ. "ಹೊಸದು ತಗೋ, ಇಲ್ಲ ಸುಮ್ನಿರು" ಅನ್ನೋ ಮಾತು ಅಂಗಡಿಗೆ ಲಾಭ. ಮನೆಗಲ್ಲ.

ಹಂಗಂತ ನಾನೇನೂ ಮೊದಲ್ನೇ ಸಲಕ್ಕೇ ಗೆದ್ದಿಲ್ಲ. ಹೋದ ವರ್ಷ ಒಂದು ಅಂಗಡಿಯಾಗೆ "2 ಜಿಬಿ ಕಾರ್ಡು ಮೇಡಂ, ಎಲ್ಲಾ ಗೇಮೂ ಓಡುತ್ತೆ" ಅಂತ ಜಿಟಿ 710 ಅನ್ನೋದನ್ನ 3,200ಕ್ಕೆ ಕೊಟ್ರು. ಹಾಕಿದ್ಮೇಲೂ ಗೇಮು ಅದೇ ತೆವಳಾಟ. ವಾಪಸ್ ತಗೊಳ್ಳಿ ಅಂದ್ರೆ ಸೀಲ್ ಒಡೆದೈತೆ ಅಂದ್ರು. ಆಮೇಲೆ ಗೊತ್ತಾಯ್ತು, ಅದ್ರಲ್ಲಿರೋ ಕೆಲಸಗಾರ್ರು 192 ಅಷ್ಟೇ. ಅದು ಎರಡು ಪರದೆ ಹಾಕ್ಕೊಂಡು ಆಫೀಸ್ ಕೆಲ್ಸ ಮಾಡೋರಿಗೆ ಸರಿ, ಆಟಕ್ಕಲ್ಲ. ಜಿಬಿ ಅನ್ನೋದು ಹಾಲಿನ ಕ್ಯಾನ್ ಇದ್ದಂಗೆ. ಡೇರಿಗೆ ದೊಡ್ಡ ಕ್ಯಾನು ತಗೊಂಡೋದ್ರೆ ಹಸು ಜಾಸ್ತಿ ಹಾಲು ಕೊಡುತ್ತಾ? ಜಿಬಿ ಒಂದೇ ಹೇಳಿ ಮಾರೋರ ತಾವ ನಿಂತ್ಕೋಬೇಡಿ. ಆ 3,200 ಹೋಯ್ತು, ನಾನು ಒಪ್ಕೋತೀನಿ. ಆದ್ರೆ ಹೋಗಿದ್ದು ಕಾರ್ಡು ಕೇಳಿದ್ದಕ್ಕಲ್ಲ, ಕೇಳದೆ ತಂದಿದ್ದಕ್ಕೆ.

ಎರಡನೇ ಸಲ ತಾಯಿ ಮಗಳು ಇಬ್ರೂ ಕೂತು ಲೆಕ್ಕ ಹಾಕಿದ್ವಿ. ಪಂಪ್‌ಸೆಟ್ಟಿಗೆ ಕೇಬಲ್ ಎಷ್ಟು ದಪ್ಪ ಬೇಕು ಅಂತ ನೋಡಲ್ವಾ, ಹಂಗೇ ಕರೆಂಟು ನೋಡ್ಬೇಕು. ಸಿಪಿಯು ಡಬ್ಬ ಬಿಚ್ಚಿದ್ರೆ ಒಳಗೆ ಪವರ್ ಸಪ್ಲೈ ಮೇಲೆ ಚೀಟಿ ಅಂಟಿಸಿರ್ತಾರೆ. ನಮ್ದು 255 ವ್ಯಾಟು. ಪ್ರೊಸೆಸರ್ 84, ಕಾರ್ಡು 75, ಮಿಕ್ಕಿದ್ದಕ್ಕೆಲ್ಲ 50 ಅಂತ ಹಿಡಿದ್ರೂ 209. ಸಾಕು. ಆಫೀಸಿಂದ ಬಂದ ಹಳೇ ಮಶೀನಲ್ಲಿ ಕಾರ್ಡಿಗೆ ಬೇರೆ ಕರೆಂಟ್ ವೈರು ಇರೋದು ಅಪರೂಪ. ಕಾರ್ಡು ಕೂರೋ ಸ್ಲಾಟಿಂದ ಸಿಗೋದು 75 ವ್ಯಾಟು. ಅದಕ್ಕೆ ಅಷ್ಟರೊಳಗೇ ಓಡೋ, ಬೇರೆ ವೈರು ಕೇಳದ ಕಾರ್ಡೇ ಬೇಕು. 1650ರಲ್ಲೂ ಕೆಲವು ವೈರು ಕೇಳ್ತಾವೆ, ನೋಡಿ ತಗೋಬೇಕು. ಆಮೇಲೆ ಎತ್ತರ. ನಮ್ದು ತೆಳ್ಳನೆ ಡಬ್ಬ, ಮಾಮೂಲಿ ಕಾರ್ಡು ಅದ್ರಾಗೆ ಕೂರಲ್ಲ, ಲೋ ಪ್ರೊಫೈಲ್ ಅಂತ ಗಿಡ್ಡದು ಬೇಕು. ಅದಕ್ಕೆ ವಸಿ ಬೆಲೆ ಜಾಸ್ತಿ.

ಕಾರ್ತಿಕ ಮಾಸದಾಗೆ ಒಂದು ಶನಿವಾರ ಮಾಲೂರಿಗೋಗಿ ತಂಗೀನ ಕರ್ಕೊಂಡು ರೈಲು ಹತ್ತಿದ್ವಿ. ಸಿಪಿಯು ಡಬ್ಬಾನ ಹಳೇ ಸೀರೆಯಾಗೆ ಸುತ್ತಿ ಚೀಲಕ್ಕೆ ಹಾಕ್ಕೊಂಡಿದ್ದೆ. ರೈಲಲ್ಲಿ ಒಬ್ಬಜ್ಜಿ "ಏನಮ್ಮ, ಮಾವಿನಕಾಯಾ?" ಅಂತ ಕೇಳಿದ್ಲು. ಬೆಂಗ್ಳೂರಿನ ಎಸ್‌ಪಿ ರೋಡು, ಅಂದ್ರೆ ಸದರ್ ಪತ್ರಪ್ಪ ರಸ್ತೆ, ಆ ಬೀದಿ ಪೂರ್ತಿ ಇಂಥಾ ಸಾಮಾನೇ. ಐದಾರು ಅಂಗಡಿ ಕೇಳಿದ್ವಿ. "ನಮ್ಮ ಡಬ್ಬಕ್ಕೇ ಹಾಕಿ, ಅರ್ಧ ಗಂಟೆ ಓಡಿಸಿ ತೋರಿಸಿ" ಅಂದ್ರೆ ಮೂರು ಜನ ಆಗಲ್ಲ ಅಂದ್ರು. ಒಪ್ಪಿದೋರ ತಾವ ತಗೊಂಡ್ವಿ.

ಯಾಕೆ ಅಷ್ಟು ಹಟ ಅಂದ್ರೆ, ಸೆಕೆಂಡ್ ಹ್ಯಾಂಡ್ ಕಾರ್ಡಲ್ಲಿ ಎರಡು ಥರ ಮೋಸ ಐತೆ. ಒಂದು, ಹಿಂದೆ ಎಥಿರಿಯಂ ಅನ್ನೋ ಡಿಜಿಟಲ್ ನಾಣ್ಯ ಗಳಿಸೋಕೆ ಅಂತ ಕಾರ್ಡುಗಳನ್ನ ಹಗಲು ರಾತ್ರಿ ಓಡಿಸ್ತಿದ್ರು. 2022ರ ಸೆಪ್ಟೆಂಬರ್ 15ಕ್ಕೆ ಅದಕ್ಕೆ ಕಾರ್ಡೇ ಬೇಡ ಅಂತಾಯ್ತು, ಎಲ್ಲಾ ಮಾರ್ಕೆಟ್ಟಿಗೆ ಬಂದ್ಬಿದ್ವು. ಬಿಡುವಿಲ್ದೆ ಓಡಿದ ಮೋಟ್ರು ಹೆಂಗೋ ಹಂಗೆ ಅವು. ಫ್ಯಾನು ಗೊರಗೊರ ಅನ್ನುತ್ತಾ, ಪರದೆ ಮೇಲೆ ಗೆರೆ ಬರುತ್ತಾ, ಬಿಸಿ ಎಷ್ಟು ಏರುತ್ತೆ ಅಂತ ನೋಡ್ಬೇಕು. ಇನ್ನೊಂದು, ತೀರಾ ಹಳೇ ಕಾರ್ಡಿಗೆ ಒಳಗಿನ ಹೆಸ್ರು ಬದಲಾಯಿಸಿ 1050 ಟಿಐ ಅಂತ ಮಾರ್ತಾರೆ. ಕಂಪ್ಯೂಟರ್ ಕೂಡ ಆ ಸುಳ್ಳು ಹೆಸ್ರನ್ನೇ ತೋರಿಸುತ್ತೆ. ಜಿಪಿಯು-ಝಡ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಐತೆ, ಅದು ಕಳ್ಳ ಕಾರ್ಡನ್ನ ಕಂಡ್ರೆ ಹೆಸ್ರಿನ ಮುಂದೆ ನಕಲಿ ಅಂತ ಬರೀತದೆ. ಮಗಳು ಅದನ್ನ ಪೆನ್‌ಡ್ರೈವಲ್ಲಿ ಹಾಕ್ಕೊಂಡೇ ಬಂದಿದ್ಲು. ಅಂಗಡಿ ಹುಡುಗ ಅವಳ ಮುಖ ನೋಡಿ ಆಮೇಲೆ ಬೆಲೆ ಸರಿಯಾಗಿ ಮಾತಾಡ್ದ.

ಕಾರ್ಡು 7,200. ಹಳೇ ಡಿಡಿಆರ್3 ರ್‍ಯಾಮು 8 ಜಿಬಿ 700. ಮಿಕ್ಕಿದ ನೂರು ರೂಪಾಯಿಗೆ ಮೂರೂ ಜನ ಟೀ, ಬನ್ನು. ಲೆಕ್ಕ ಮುಗೀತು.

ಇದ್ರಾಗೆ ಕೊರತೆ ಇಲ್ಲ ಅಂತ ಹೇಳಲ್ಲ. ಹೊಸ ಹೊಸ ದೊಡ್ಡ ಗೇಮುಗಳು ಇದ್ರಲ್ಲಿ ಓಡಲ್ಲ. ಪ್ರೊಸೆಸರ್ ಹಳೇದು, ಇದಕ್ಕಿಂತ ದೊಡ್ಡ ಕಾರ್ಡು ಹಾಕಿದ್ರೆ ನಮ್ಮ ಬೀದಿಗೆ ಹತ್ತು ಚಕ್ರದ ಲಾರಿ ತಂದಂಗೆ, ತಿರುಗೋಕೂ ಜಾಗ ಇರಲ್ಲ. ವಿಂಡೋಸ್ 10ನ್ನ ಅದರ ಕಂಪ್ನಿ 2025ರ ಅಕ್ಟೋಬರ್ 14ಕ್ಕೆ ಕೈಬಿಡ್ತು, ಈ ಮಶೀನಿಗೆ ವಿಂಡೋಸ್ 11 ಕೊಡಲ್ಲ. ಅದಕ್ಕೆ ಬ್ಯಾಂಕಿನ ಕೆಲ್ಸ ಒಂದೂ ಇದ್ರಲ್ಲಿ ಮಾಡಲ್ಲ. 1050 ಟಿಐ ಎರಡು ಸಾವಿರ ಕಮ್ಮಿಗೆ ಸಿಗ್ತಿತ್ತು, ಆದ್ರೆ ಅದಕ್ಕೆ ಹೊಸ ಗೇಮುಗಳ ಡ್ರೈವರ್ ಅದೇ ಅಕ್ಟೋಬರಲ್ಲೇ ನಿಂತೋಯ್ತು. ಅದಕ್ಕೇ 1650. ಮೂರು ವರ್ಷ ಬಂದ್ರೆ ತಿಂಗಳಿಗೆ ಇನ್ನೂರು ರೂಪಾಯಿ ಬಿತ್ತು ಅಂದ್ಕೋತೀನಿ.

"ಕರೆಂಟು?" ಅಂದ್ರು ಇನ್ನೊಬ್ರು. ದಿನಕ್ಕೆರಡು ಗಂಟೆ, 200 ವ್ಯಾಟು ಅಂದ್ರೆ ತಿಂಗಳಿಗೆ 12 ಯೂನಿಟ್ಟು.

ಈಗ ಎರಡನೇ ಮಾತು: "ಗೇಮಿಂದ ಎಷ್ಟು ಮನೆ ಹಾಳಾಗಿಲ್ಲ." ಹಾಳಾಗವೆ. ನಾನೂ ನೋಡಿದೀನಿ. ಆದ್ರೆ ಯಾವುದ್ರಿಂದ ಅಂತ ನೋಡ್ರಮ್ಮ. ಮೊಬೈಲಲ್ಲಿ ರಮ್ಮಿ ಆಡಿ, ಕ್ರಿಕೆಟ್ ಮೇಲೆ ಕಾಸು ಕಟ್ಟಿ ಸಾಲ ಮಾಡ್ಕೊಂಡಿದ್ದು ಹುಡುಗೀರಲ್ಲ, ಮೀಸೆ ಬಂದ ಗಂಡಸ್ರು. ಕಾಸು ಕಟ್ಟೋ ಆನ್‌ಲೈನ್ ಆಟಗಳನ್ನ 2025ರ ಆಗಸ್ಟಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ನಿಷೇಧ ಮಾಡ್ತು. ಅದೇ ಕಾನೂನು ಕಾಸು ಕಟ್ಟದ ಆಟಗಳನ್ನ ಬೇರೆ ಅಂತ ಹೇಳುತ್ತೆ. ದಿಲ್ಲಿಯೋರಿಗೆ ಗೊತ್ತಾದ ವ್ಯತ್ಯಾಸ ನಮಗೆ ಯಾಕೆ ಗೊತ್ತಾಗಲ್ಲ? ನನ್ನ ಮಗಳು ಆಡೋದು ಯೂರೋ ಟ್ರಕ್ ಸಿಮ್ಯುಲೇಟರ್ 2. ಲಾರಿ ಓಡಿಸೋ ಆಟ. ಡಿಸ್ಕೌಂಟ್ ಬಿಟ್ಟಾಗ ಒಂದ್ಸಲ ಕೊಟ್ಟ ಕಾಸು, ತಿರುಗಿ ಕೇಳಲ್ಲ. ಮಶೀನು ಇರೋದು ನಡುಮನೆಯಾಗೆ, ದೇವರ ಗೂಡಿನ ಪಕ್ಕ. ಅವಳು ಏನ್ ಮಾಡ್ತಾ ಅವ್ಳೆ ಅಂತ ಅವರೆಕಾಯಿ ಸುಲೀತಾ ನಂಗೆ ಕಾಣ್ಸುತ್ತೆ. ಹೊದಿಕೆ ಒಳಗೆ ಮೊಬೈಲ್ ಹಿಡ್ಕೊಂಡಿರೋ ಮಕ್ಕಳು ನಿಮಗೆ ಕಾಣ್ತಾರಾ?

ಮೂರನೇದೇ ಅಸಲಿ ಮಾತು. ಅದನ್ನ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ, ನಕ್ರಿ ಅಷ್ಟೇ. ಮುಳಬಾಗಿಲಲ್ಲಿ ನಮ್ಮ ಅಕ್ಕನ ಮಗನಿಗೆ 82,000ದ ಲ್ಯಾಪ್‌ಟಾಪು ಬಂತು, ಕಂತಿನ ಮೇಲೆ. ಅವ್ನೂ ಗೇಮ್ ಆಡ್ತಾನೆ, ಅವ್ನೇ ಹೇಳ್ತಾನೆ. ಕೊಡಿಸಿದ್ದು ತಪ್ಪು ಅನ್ನಲ್ಲ ನಾನು. ಆದ್ರೆ ಅವತ್ತು ಯಾರೂ ನಗ್ಲಿಲ್ಲ. "ಹುಡುಗ ಬುದ್ಧಿವಂತ, ಬೇಕಾಗುತ್ತೆ" ಅಂದ್ರಿ. ನನ್ನ ಮಗಳ 7,200ಕ್ಕೆ "ಹೆಣ್ಣಿಗೆ ಯಾಕಮ್ಮ ಗೇಮು?" ಎಂಬತ್ತೆರಡು ಸಾವಿರ ಓದಿಗೆ, ಏಳು ಸಾವಿರ ಹಾಳಾಗೋಕೆ, ಇದ್ಯಾವ ಊರಿನ ಲೆಕ್ಕ?

ಇಲ್ಲಿ ನಾನೂ ಸುಳ್ಳು ಹೇಳ್ಬಹುದಿತ್ತು. "ಕಾರ್ಡು ಓದೋಕೆ, ಡಿಸೈನ್ ಕಲಿಯೋಕೆ" ಅಂದಿದ್ರೆ ನೀವು ತಲೆಯಾಡಿಸಿ ಸುಮ್ನಾಗ್ತಿದ್ರಿ. ಹೇಳಲ್ಲ. ಆಟ ಆಡ್ಲಿ ಅಂತಲೇ ತಂದೆ. ನಾವು ಕುಂಟೆಬಿಲ್ಲೆ ಆಡಿದ್ವಿ, ಅಳಗುಳಿಮಣೆ ಆಡಿದ್ವಿ, ಅದ್ರಿಂದ ಏನು ಕೆಲ್ಸ ಸಿಕ್ತು ಅಂತ ಯಾರಾದ್ರೂ ಕೇಳಿದ್ರಾ? ಮೈನೆರೆದ ಮೇಲೆ ಅದೂ ನಿಂತೋಯ್ತು, ನೆನಪೈತಾ? ನಮ್ಮ ಅಣ್ಣಂದ್ರು ಮಾತ್ರ ಬ್ಯಾಟ್ ಹಿಡ್ಕೊಂಡು ಕೆರೆ ಅಂಗಳಕ್ಕೆ ಹೋಗ್ತಾನೇ ಇದ್ರು. ಪಿಯುಸಿ ಓದೋ ಹುಡುಗಿ, ಬೆಳಿಗ್ಗೆ ಹಾಲು ಕರೆದು ಬಸ್ ಹತ್ತೋಳು, ಸಂಜೆ ಎರಡು ಗಂಟೆ ಆಡಿದ್ರೆ ನಮಗೇನು ಕಳ್ಕೊಂಡಂಗಾಯ್ತು?

ಕಾಸು ನನ್ನ ಹೆಸ್ರಿಗೆ ಬಂದಿದ್ದು. ಅದ್ರಲ್ಲಿ ಹಸುಗೆ ಬೂಸಾ ತಂದಾಗ, ಮಾವನ ಕಣ್ಣಿಗೆ ತೋರಿಸಿದಾಗ, ಚೀಟಿ ಕಟ್ಟಿದಾಗ ಯಾರೂ ಲೆಕ್ಕ ಕೇಳ್ಲಿಲ್ಲ. ಮಗಳಿಗೆ ಖರ್ಚು ಮಾಡ್ದಾಗ ಮಾತ್ರ ಪಂಕ್ತಿಯಾಗೆ ಲೆಕ್ಕ ಕೇಳಿದ್ರಿ. ಅದಕ್ಕೇ ಪೈಸಾ ಸಮೇತ ಇಲ್ಲಿ ಬರೆದಿದೀನಿ.

ಇನ್ನೊಂದು ವಿಷ್ಯ, ನಿಮ್ಗೆ ಗೊತ್ತಿಲ್ಲ. ನಮ್ಮನೆಯೋರು ಕೋಲಾರದ ಮಂಡಿಯಿಂದ ಟೊಮೇಟೊ ಲಾರಿ ಓಡಿಸ್ತಾರೆ. ಮನೆಗೆ ಬಂದ್ರೆ ಉಣ್ಣೋದು, ಮಲಗೋದು, ಮಗಳ ಜೊತೆ ಮಾತು ಅಂದ್ರೆ "ಓದ್ಕೊಂಡ್ಯಾ" ಅನ್ನೋದೊಂದೇ. ಈಗ ಸ್ಟೂಲ್ ಎಳ್ಕೊಂಡು ಪಕ್ಕದಾಗೆ ಕೂತ್ಕೋತಾರೆ. ಅವಳು ಪೋಲೆಂಡಿಂದ ಜರ್ಮನಿಗೆ ಲೋಡ್ ತಗೊಂಡೋಗ್ತಾ ಇರ್ತಾಳೆ. "ತಿರುವಿಗೆ ಮುಂಚೆನೇ ಗೇರ್ ಇಳ್ಸು ಮಗ" ಅಂತಾರೆ. ಅಲ್ಲಿ ಎಲ್ಲಾ ಬಲಗಡೆ ಓಡಿಸ್ತಾರೆ ಅಂತ ನೋಡಿ ನಗ್ತಾರೆ. ಹಿಂಗೇ ಒಂದಿನ, ತಮಗೆ ಒಂದ್ಸಲ ರಾತ್ರಿ ನಿದ್ದೆಗಣ್ಣಲ್ಲಿ ಲಾರಿ ರೋಡು ಬಿಟ್ಟು ಇಳ್ದಿದ್ದನ್ನ ಅವಳಿಗೆ ಹೇಳಿದ್ರು. ಅದನ್ನ ನಂಗೂ ಹೇಳಿರ್ಲಿಲ್ಲ.

ಮಾರಲ್ಲ ಅಂತ ಮಗಳಿಗೆ ಹೇಳಾಯ್ತು. ನಿಮಗೂ ಹೇಳ್ತಾ ಇದೀನಿ.

ನಿಮ್ಮನೆ ಸಜ್ಜೆ ಮೇಲೂ ಲಾಕ್‌ಡೌನ್ ಕಾಲದ ಮಶೀನು ಧೂಳು ಹೊದ್ಕೊಂಡು ಬಿದ್ದಿರುತ್ತೆ. ಗುಜರಿಯೋನಿಗೆ ಐನೂರಕ್ಕೆ ಹಾಕೋಕೆ ಮುಂಚೆ ಇಳಿಸಿ, ಪಕ್ಕದ ಮುಚ್ಚಳ ಬಿಚ್ಚಿ, ಮೂರು ವಿಷ್ಯ ಬರ್ಕೊಳ್ಳಿ: ಪ್ರೊಸೆಸರ್ ಯಾವ್ದು, ಪವರ್ ಸಪ್ಲೈ ಎಷ್ಟು ವ್ಯಾಟು, ಡಬ್ಬ ಎಷ್ಟು ಅಗಲ. ತಗೊಂಡು ನಮ್ಮನೆಗೆ ಬನ್ನಿ. ನಂಗೆ ಗೊತ್ತಾಗದ್ದು ಮಗಳು ಹೇಳ್ತಾಳೆ. ಪಂಕ್ತಿಯಾಗೆ ಶುರು ಮಾಡಿದೋರೂ ಬನ್ನಿ, ನಿಮ್ಮ ಮೊಮ್ಮಗಳನ್ನೂ ಕರ್ಕೊಂಡು ಬನ್ನಿ. ಅವಳೂ ಏನೋ ಕೇಳ್ಬೇಕು ಅಂತ ಕಾಯ್ತಿದ್ದಂಗೆ ಅವತ್ತು ನಂಗೆ ಕಾಣಿಸ್ತು.