ಸುಬ್ಬಿನ್ನ ಕೊಟ್ಟಿದ್ದು ತಪ್ಪೇನ್ರಿ?

"ಇಷ್ಟು ಅಚ್ಛಾ ಮಾಡಿ ಬೆಳಿಸಿ ಹೆಂಗ ಕೊಟ್ಟಿರಿ ವೈನಿ? ನಿಮ್ಮ ಮನಸ್ಸು ಭಾಳ ಗಟ್ಟಿ ಬಿಡ್ರಿ."

ಸುಬ್ಬಿ ಹೋದಮ್ಯಾಲೆ ನಮ್ಮ ಓಣ್ಯಾಗ ನಾಕು ಮಂದೀರೆ ನಂಗ ಹಿಂಗ ಅಂದಾರ. ಒಬ್ಬರಂತೂ ಅರಿಷಿಣ ಕುಂಕುಮಕ್ಕ ಕರದು, ಕುಂಕುಮ ಹಚ್ಚಿಕೋತನ ಅಂದ್ರು. ಅವರ ಮನ್ಯಾಗ ಒಂದು ಬೆಕ್ಕೂ ಇಲ್ಲ, ಆ ಮಾತು ಬ್ಯಾರೆ.

ಹೋದ ಶ್ರಾವಣದಾಗ ಬಂದಾಕಿ ಅಕಿ. (ನಾಯಿಗೆ 'ಅಕಿ' ಅಂತೀರಲ್ಲ ಅಂತ ನಗಬ್ಯಾಡ್ರಿ, ನಮ್ಮ ಮನ್ಯಾಗ ಹಂಗ ರೂಢಿ ಆಗೇದ.) ಧಾರವಾಡದ ಜಿಟಿಜಿಟಿ ಮಳಿ ನಿಮಗ ಗೊತ್ತೇ ಅದ. ಕಾಯಿಪಲ್ಯಾ ಮಾರೋರ ಹಿಂದಿನ ಗಟಾರದ ಬಾಜೂಕ ರಟ್ಟಿನ ಡಬ್ಬಿಯೊಳಗ ಯಾರೋ ನಾಕು ಮರಿ ಇಟ್ಟು ಹೋಗಿದ್ರಂತ. ಗಂಡು ಎರಡನ್ನ ಮುಂಜಾನೇನ ಯಾರೋ ಎತ್ತಿಕೊಂಡು ಹೋದ್ರು. ಉಳದ ಎರಡು ಹೆಣ್ಣಿನೊಳಗ ಒಂದು ಮಧ್ಯಾಹ್ನದೊಳಗ ಸತ್ತಿತ್ತು. ಇನ್ನೊಂದನ್ನ ನಮ್ಮ ಬಾಜೂ ಮನಿ ಹುಡುಗಿ ಓಢಣಿಯೊಳಗ ಸುತ್ತಿಕೊಂಡು ಬಂದು, "ಮೌಶಿ, ಹದಿನೈದು ದಿವಸ ಇಟ್ಕೋರಿ, ನಾ ಮನಿ ಹುಡುಕ್ತೀನಿ" ಅಂದ್ಲು. ಆ ಹದಿನೈದು ದಿವಸ ಅನ್ನೋದು ಐದೂವರಿ ತಿಂಗಳಾತು.

ನಮ್ಮ ಮನಿಯವರು ಮೊದಲನೇ ದಿವಸ "ಪಡಸಾಲಿ ದಾಟಿ ಒಳಗ ಬರಬಾರದು" ಅಂತ ಕಾಯ್ದೆ ಮಾಡಿದ್ರು. ಮೂರನೇ ವಾರಕ್ಕ ತಮ್ಮ ಚಹಾದ ಖಾರಿಯೊಳಗ ಅರ್ಧ ಅಕಿಗೆ. ಒಗ್ಗರಣಿ ಅವಲಕ್ಕಿ ಕೊಡಲಿಕ್ಕೆ ಹೋದಾಗ ಮಾತ್ರ ನಾ ಕೈ ಹಿಡದೆ. ಉಳ್ಳಾಗಡ್ಡಿ ನಾಯಿಗೆ ವಿಷ ಇದ್ದಂಗ, ಒಣದ್ರಾಕ್ಷಿನೂ ಹಂಗ, ಶಿರಾ ಮಾಡಿದ ದಿವಸ ಹುಷಾರ ಅಂತ ದನದ ದವಾಖಾನಿ ಡಾಕ್ಟರು ಬಿಡಿಸಿ ಹೇಳಿದ್ರು.

ಈಗ ಒಂದು ಹಳೇ ತಪ್ಪು ಹೇಳಬೇಕು, ಇಲ್ಲಂದ್ರ ನಾ ಯಾಕ ಇಷ್ಟು ಜೋರಿಲೆ ಮಾತಾಡ್ಲಿಕತ್ತೇನಿ ಅಂತ ನಿಮಗ ತಿಳಿಯೂದಿಲ್ಲ. ಎಂಟು ವರ್ಷದ ಹಿಂದ ಹಿಂಗ ಒಂದು ಮರಿ ಬಂದಿತ್ತು, ರಾಜಾ ಅಂತ ಕರೀತಿದ್ವಿ. ಯಾರೋ ಹೊಲ ಇದ್ದವರು ಕೇಳಿದ್ರು, ಕೊಟ್ಟಬಿಟ್ಟೆ. ಹೊಲದಾಗ ಓಡ್ಯಾಡಿಕೊಂಡು ಆರಾಮ ಇರ್ತದ ಅಂತ ನಾನ ತಿಳಕೊಂಡೆ, ಅವರನ್ನೇನೂ ಕೇಳಲಿಲ್ಲ. ನಾಕು ತಿಂಗಳಾದ ಮ್ಯಾಲೆ ಆ ಕಡೆ ಒಂದು ಮದುವಿಗೆ ಹೋದಾಗ ನೋಡಿದೆ: ಹುಣಸಿ ಗಿಡಕ್ಕ ಎರಡು ಮೊಳದ ಸರಪಳಿ, ಕುತಗಿ ಸುತ್ತ ಗಾಯ. ನಾ ಗುರುತು ಹಿಡಿಯೋಕ್ಕಿಂತ ಮೊದಲ ಅದು ನನ್ನ ಗುರುತು ಹಿಡೀತು. ವಾಪಸ ಕೊಡ್ರಿ ಅಂದ್ರ, "ಕೊಟ್ಟಮ್ಯಾಲೆ ನಮ್ಮದ್ರಿ ಅಕ್ಕಾರ" ಅಂದ್ರು. ಮುಂದಿನ ವಾರ ನಮ್ಮ ಮನಿಯವರನ್ನ ಕರಕೊಂಡು ಹೋಗೋದ್ರಾಗ ಬರೇ ಸರಪಳಿ ಇತ್ತು.

ಅದಕ್ಕ ಈ ಸಲ ಕೇಳಿದೆ. ಹೆಣ್ಣು ನೋಡಲಿಕ್ಕೆ ಬಂದವರಿಗಿಂತ ಹೆಚ್ಚು ಕೇಳಿದೆ. ಒಬ್ಬರು ಕಟ್ಟಲಿಕತ್ತ ಮನಿ ಕಾಯಲಿಕ್ಕೆ ಬೇಕು ಅಂದ್ರು. ರಾತ್ರಿ ಯಾರಿರ್ತಾರ ಅಂದ್ರ ಯಾರೂ ಇಲ್ಲ. ಕೊಡಲಿಲ್ಲ. ಐದಾರು ಮಂದಿ ಫೋನಿನ್ಯಾಗನ "ಗಂಡು ಇದ್ರ ಹೇಳ್ರಿ" ಅಂತ ಇಟ್ಟುಬಿಟ್ರು. ಯಾಕ್ರಿ ಅಂದ್ರ, ಹೆಣ್ಣು ಮರಿ ಹಾಕ್ತದ, ಯಾರು ನೋಡಬೇಕು ಅಂತ.

ಇದರ ಮ್ಯಾಲೆ ನಂಗ ಭಾಳ ಸಿಟ್ಟದ. ಹೆಣ್ಣು ನಾಯಿಗೆ ಆಪರೇಷನ್ ಮಾಡಿಸಿದ್ರ ಮರಿ ಪ್ರಶ್ನೆನ ಮುಗೀತು. ಸುಬ್ಬಿಗೆ ಮೂರು ತಿಂಗಳಿಗೆ ರೇಬೀಸ್ ಸೂಜಿ ಆತು, ಆರು ತಿಂಗಳು ತುಂಬಿದ ಮ್ಯಾಲೆ ಆಪರೇಷನ್ ಆತು. ಹೊಲಗಿ ನೆಕ್ಕಬಾರದು ಅಂತ ಮನಿಯವರ ಹಳೇ ಬನಿಯನ್ನಿಗೆ ಕಾಲಿನ ತೂತು ಮಾಡಿ, ಬೆನ್ನ ಮ್ಯಾಲೆ ಗಂಟು ಹಾಕಿ ಹತ್ತು ದಿವಸ ತೊಡಿಸಿದ್ದೆ. ಇಷ್ಟ ಕೆಲಸ. ಬೀದಿ ನಾಯಿಗೋಳಿಗೆ ಸಂತಾನಹರಣ ಮಾಡಿ, ಸೂಜಿ ಹಾಕಿ, ಹಿಡದ ಜಾಗಾಕ್ಕನ ಬಿಡಬೇಕು ಅಂತ ಸರಕಾರದ 2023ರ ನಿಯಮಾನೂ ಅದ. ಆದ್ರ ರಟ್ಟಿನ ಡಬ್ಬಿಗೆ ಯಾವ ನಿಯಮ? ಓಣ್ಯಾಗ ನಾಯಿ ಹೆಚ್ಚಾಗ್ಯಾವ ಅಂತ ನಾವ ಒದರತೇವಿ. ಆ ಡಬ್ಬಿ ಗಟಾರದ ಬಾಜೂಕ ಇಟ್ಟದ್ದು ನಾಯಿ ಅಲ್ಲಲ್ಲ.

ಕಡೀಕೆ ಹುಬ್ಬಳ್ಳಿಯ ಒಂದು ಮನಿ ಸಿಕ್ತು. ಗಂಡ ಹೆಂಡತಿ ಇಬ್ಬರೂ ನೌಕರಿ, ಮನ್ಯಾಗ ಅತ್ತಿ. ಮೊದಲ ನಾನ ಹೋಗಿ ಮನಿ ನೋಡಿಬಂದೆ. ಆ ಅತ್ತಿ "ಮೊಸರನ್ನ ತಿಂತಾಳೇನ್ರಿ? ಮಳಿಗಾಲದಾಗ ಎಲ್ಲೆ ಮಲಗ್ತಾಳ?" ಅಂತ ನನ್ನನ್ನ ಕೇಳಿದ್ರು. ನಾ ಕೇಳೋದಕ್ಕಿಂತ ಮೊದಲ ಅವರ ಕೇಳಿದ್ದು ನಂಗ ಸಾಕಾತು. ಆದರೂ ಒಂದು ಮಾತು ಹೇಳೇ ಬಂದೆ: ಹೊಂದಲಿಲ್ಲಂದ್ರ ಬೈಪಾಸಿಗೆ ಬಿಡಬ್ಯಾಡ್ರಿ, ನಡುರಾತ್ರಿ ಆದ್ರೂ ನಮ್ಮ ಮನಿಗೆ ತರ್ರಿ, ನಾ ಒಂದು ಮಾತು ಅನ್ನೂದಿಲ್ಲ.

ಸಂಕ್ರಾಂತಿ ಆದಮ್ಯಾಲೆ ಒಂದು ರವಿವಾರ ಪೇಢೆ ತಗೊಂಡು ಬಂದ್ರು. ಸುಬ್ಬಿ ಮಂಚದ ಕೆಳಗ ಹೊಕ್ಕಬಿಟ್ಲು. ಅಕಿ ಮಲಗೋ ನನ್ನ ಹಳೇ ಇಳಕಲ್ ಸೀರಿ ತುಂಡು ತೊಳೀದನ ಚೀಲದಾಗ ಹಾಕಿ ಕೊಟ್ಟೆ, ವಾಸನಿ ಇರಲಿ ಅಂತ. ಕಾರು ಹೋದಮ್ಯಾಲೆ ಮನಿಯವರು ಪೇಪರ್ ಓದ್ಲಿಕ್ಕೆ ಕೂತ್ರು. ಹಿಂದಿನ ದಿನದ ಪೇಪರ್ ಅದು.

ನೀವ ಯಾಕ ಇಟ್ಟುಕೊಳ್ಳಲಿಲ್ಲ ಅಂತ ಕೇಳೋರಿಗೆ ನನ್ನ ಉತ್ತರ ಭಾಳ ಸಾದಾ ಅದ. ನಾಯಿ 12–14 ವರ್ಷ ಬದುಕತದ. ನಂಗ ಈಗ ಐವತ್ತಾರು, ಮೊಳಕಾಲು ಈಗಲೇ ಮಾತು ಕೇಳೂದಿಲ್ಲ. ಮನಿಯವರಿಗೆ ಅರವತ್ನಾಕು, ಮಗ ಪುಣೇದಾಗ. ಅಕಿ ಮುದುಕಿ ಆದಾಗ ಎತ್ತಿ ದವಾಖಾನಿಗೆ ಒಯ್ಯೋರು ಯಾರು? ಮತ್ತ ಅಕಿನ್ನ ಇಟ್ಟುಕೊಂಡಿದ್ರ ಬಾಜೂ ಮನಿ ಹುಡುಗಿ ಮುಂದಿನ ಮಳಿಗಾಲದಾಗ ಓಢಣಿ ತಗೊಂಡು ಯಾರ ಬಾಗಲಕ್ಕ ಹೋಗಬೇಕು? ಅತ್ತದ್ದು ಖರೇ. ಎರಡು ದಿವಸ ಒಂದು ಭಕ್ರಿ ಹೆಚ್ಚಿಗೆ ಬಡದದ್ದೂ ಖರೇ. ಅಷ್ಟಕ್ಕ ಕೊಟ್ಟದ್ದು ತಪ್ಪಾಗೂದಿಲ್ಲ.

ಮೊನ್ನೆ ವಿಡಿಯೋ ಕಳಿಸಿದ್ರು. ಹೆಸರು ಬದಲಿ ಮಾಡ್ಯಾರ, ಈಗ ಕುಕೀ ಅಂತ. ಅದೇನು ಹೆಸರರೀ, ಬೇಕರಿಯೊಳಗ ಇಟ್ಟಂಗ! ನಂಗ ಎರಡು ದಿವಸ ಸಿಟ್ಟಿತ್ತು. ಆದ್ರ ಆ ಅತ್ತಿ ಹಿತ್ತಲದಾಗಿಂದ "ಕುಕೀ" ಅಂದ ಕೂಡಲೇ ಬಾಲಾ ಅಲ್ಲಾಡಿಸಿಕೋತ ಹೆಂಗ ಓಡ್ತಾಳ್ರಿ ಅಕಿ, ನನ್ನ ಸೀರಿ ತುಂಡು ಬಾಯಾಗ ಹಿಡಕೊಂಡು.